ಇಪ್ಪತ್ತೆರಡರ ಫ್ರೇಮು

ನಮ್ಮ ಮನೆಯೊಳಗೆ ಸೈಕಲ್ಲು ಬರುವಂತಿರಲಿಲ್ಲ. ಪೆಡಲು ಬರಬಹುದಿತ್ತು. ಚೈನು, ಬ್ರೇಕಿನ ಕಡ್ಡಿ, ಗಂಟೆ ಇವನ್ನೆಲ್ಲ ಕೈಚೀಲದಲ್ಲಿ ಮೆಂತ್ಯಪಲ್ಲೆಯ ಕೆಳಗೆ ಮುಚ್ಚಿ ತರಬಹುದಿತ್ತು. ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದುದ್ದಕ್ಕೂ ನಾನು ಮತ್ತು ನನ್ನ ಅಣ್ಣ ಮಾಡಿದ್ದು ಇದನ್ನೇ. ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿಯ ಕಣ್ಣು ತಪ್ಪಿಸಿ, ಬೈಲಹೊಂಗಲದ ಆ ಮನೆಗೆ ಒಂದು ಸೈಕಲ್ಲನ್ನು ತುಂಡುತುಂಡಾಗಿ ಸೇರಿಸಿದೆವು. ನಾನು ಆಗ ಕಿತ್ತೂರಿನ ಒಂದು ಶಾಲೆಯಲ್ಲಿ ಮಾಸ್ತರ. ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಪಾಠ ಮಾಡಿ, ಸಂಜೆಯ ಬಸ್ಸಿನಲ್ಲಿ ಮಡಿಲೊಳಗೆ ಪೆಡಲು ಬಚ್ಚಿಟ್ಟುಕೊಂಡು ಬರುತ್ತಿದ್ದೆ. ಕಳ್ಳತನಕ್ಕೆ ನಾನು ಹೇಳಿ ಮಾಡಿಸಿದವನಲ್ಲ. ಬಸ್ಸಿನಲ್ಲಿ ಯಾರಾದರೂ ‘ಏನ್ರಿ ಮಾಸ್ತರ’ ಎಂದರೆ ಸಾಕು, ಮಡಿಲನ್ನು ಇನ್ನಷ್ಟು ಅವುಚಿಕೊಳ್ಳುತ್ತಿದ್ದೆ.

ಅಣ್ಣ ಹತ್ತಿ ಪೇಟೆಯ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಡಿಗೆಯಿಂದ ಒಂದು ಎಳೆ ಹತ್ತಿ ಕಿತ್ತು, ಬೆರಳ ನಡುವೆ ಜಗ್ಗಿ ನೋಡಿ, ಅದರ ದರ್ಜೆ ಹೇಳುವುದು ಅವನ ಕೆಲಸ. ಮನೆಯಲ್ಲಿ ಅವನೇ ಎತ್ತರದವನು. ಹೊಸ್ತಿಲಲ್ಲಿ ಹಣೆ ಬಡಿದುಕೊಂಡರೆ ಎತ್ತರ ಬೆಳೆದದ್ದರ ದಂಡ ಎಂದು ನಗುತ್ತಿದ್ದೆವು. ಆಮೇಲೆ ಅವನು ಕಟ್ಟೆಗೆ ಎಡವತೊಡಗಿದ, ಪಕ್ಕದಲ್ಲಿಟ್ಟ ನೀರಿನ ಚರಿಗೆಯನ್ನು ಒದೆಯತೊಡಗಿದ. ಹೊತ್ತು ಮುಳುಗಿತೆಂದರೆ ಅಂಗಡಿಯಿಂದ ಯಾರಾದರೂ ಜೊತೆಗೆ ಬರಬೇಕಾಯಿತು. ಹುಬ್ಬಳ್ಳಿಯ ಡಾಕ್ಟರು ಬಹಳ ಹೊತ್ತು ನೋಡಿ, ಕಣ್ಣಿನ ನೋಟ ಸುತ್ತಲಿನಿಂದ ಸಣ್ಣದಾಗುತ್ತ ಬರುತ್ತಿದೆ, ಇದಕ್ಕೆ ಮದ್ದಿಲ್ಲ ಎಂದರು. ನಂತರ ಅಪ್ಪ ಅವ್ವ ಸಂಬಂಧದಲ್ಲೇ ಮದುವೆಯಾದವರೇ ಎಂದು ಕೇಳಿದರು. ಅಪ್ಪ ಅವ್ವನಿಗೆ ಸೋದರಮಾವ. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಸಂಬಂಧ ಇಲ್ಲವೆಂದೇ ಎಲ್ಲರ ಎಣಿಕೆ. ಹೊಲ ಹೊರಗೆ ಹೋಗುವುದಿಲ್ಲ, ಮಗಳು ಹೊರಗೆ ಹೋಗುವುದಿಲ್ಲ. ಕಣ್ಣು ಹೋಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಆ ದಿನದಿಂದ ನಾನು ದಿನಾಲೂ ಸಂಜೆ ಅಂಗಳದಲ್ಲಿ ನಿಂತು, ಎರಡೂ ಕೈಗಳನ್ನು ಕಿವಿಯ ಪಕ್ಕಕ್ಕೆ ಚಾಚಿ, ಬೆರಳು ಕಾಣಿಸುತ್ತವೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿಕೊಳ್ಳತೊಡಗಿದೆ. ಓಣಿಯವರು ನನಗೆ ಯಾವುದೋ ಹೊಸ ವ್ಯಾಯಾಮ ಹತ್ತಿದೆ ಎಂದುಕೊಂಡರು. ಕಣ್ಣು ಹೋದದ್ದು ಅಣ್ಣನದು, ನಿದ್ದೆ ಹೋದದ್ದು ನನ್ನದು.

ಆ ಬೇಸಿಗೆಯಲ್ಲಿ ಅಣ್ಣ ಸೈಕಲ್ ಸಮೇತ ಹತ್ತಿ ಪೇಟೆಯ ಪಕ್ಕದ ಗಟಾರಕ್ಕೆ ಬಿದ್ದು ಹೆಗಲ ಎಲುಬು ಮುರಿದುಕೊಂಡ. ವೈನಿ ಅಳಲಿಲ್ಲ, ಕೂಗಾಡಲಿಲ್ಲ. ಚಚಡಿಯಿಂದ ತನ್ನ ತಮ್ಮನನ್ನು ಕರೆಸಿ, ಸೈಕಲ್ಲನ್ನು ಅವನ ಜೊತೆ ತವರಿಗೆ ಕಳಿಸಿಬಿಟ್ಟಳು. ‘ಇನ್ನ ಈ ಮನಿಯೊಳಗ ಸೈಕಲ್ಲ ಬಂದ್ರ ನಾ ಹೊರಗ’ ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಕುಳಿತಳು.

ಅಣ್ಣ ಅದನ್ನೂ ಸಹಿಸಿಕೊಂಡ. ಅವನಿಗೆ ಸಹಿಸಲಾಗದ್ದು ದಸರೆ. ದಸರೆಯ ಸಂಜೆ ಸಣ್ಣವರು ದೊಡ್ಡವರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುವುದು ನಮ್ಮ ಕಡೆಯ ಪದ್ಧತಿ. ನಮ್ಮಿಬ್ಬರಿಗೂ ದೊಡ್ಡವಳೆಂದರೆ ಅಕ್ಕ. ಅವಳನ್ನು ಕೊಟ್ಟದ್ದು ಸಂಗೊಳ್ಳಿಗೆ. ಅಕ್ಕನ ಮದುವೆಯಾದಾಗಿನಿಂದ ಅಣ್ಣ ಪ್ರತಿ ದಸರೆಗೆ ಸೈಕಲ್ ತುಳಿದುಕೊಂಡು ಹೋಗಿ ಬನ್ನಿ ಕೊಟ್ಟು ಬರುತ್ತಿದ್ದ.

‘ಬಸ್ಸಿಗೆ ಹೋಗೂಣಲ್ಲ, ನಾ ಕರಕೊಂಡು ಹೋಗತೇನಿ’ ಎಂದೆ.

‘ಬಸ್ಸಿನ್ಯಾಗ ನೀ ನನ್ನ ಚೀಲ ಹಿಡದಂಗ ಹಿಡಕೊಂಡು ಹೋಗತಿ. ಒಲ್ಲೆ’ ಎಂದ. ಆಮೇಲೆ, ‘ಬರೂ ದಸರೆಕ್ಕ ಅಕ್ಕನ ಮುಖ ಕಾಣತೈತಿ. ಅದರ ಮುಂದಿನ ದಸರೆದ್ದು ಹೇಳಾಕ ಬರಂಗಿಲ್ಲ. ಇದೊಂದ ಸಲ ಸೈಕಲ್ ಮ್ಯಾಲ ಹೋಗಿ ಅಕ್ಕಗ ಬನ್ನಿ ಕೊಡಬೇಕು ತಮ್ಮಾ’ ಎಂದ.

ಹೀಗೆ ಶುರುವಾಯಿತು. ಬೈಲಹೊಂಗಲದ ಸೈಕಲ್ ಅಂಗಡಿಗಳವರೆಲ್ಲ ವೈನಿಗೆ ಗುರುತು. ಅಲ್ಲಿ ಒಂದು ವಾಲ್ವ್ ಕೊಂಡರೂ ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತಿತ್ತು. ಆದ್ದರಿಂದ ಸಾಮಾನಿಗಾಗಿ ಪರಊರು ತಿರುಗಿದೆವು. ನಾನು ಒಪ್ಪಿಕೊಂಡದ್ದು ಧೈರ್ಯದಿಂದಲ್ಲ. ಜೊತೆಗಿದ್ದರೆ ಬ್ರೇಕನ್ನಾದರೂ ಗಟ್ಟಿಯದು ಹಾಕಿಸಬಹುದು ಎಂಬ ಲೆಕ್ಕ. ಮಳೆ ಹೆಚ್ಚಾಗಿ, ಒಂದಾದರೂ ಸಾಮಾನು ಸಿಗದೆ, ದಸರೆ ದಾಟಿ ಹೋಗಲಿ ಎಂದು ಒಳಗೊಳಗೆ ಹರಕೆಯನ್ನೂ ಹೊತ್ತಿದ್ದೆ.

ಫ್ರೇಮು ಸಿಕ್ಕಿದ್ದು ಕಿತ್ತೂರಿನಲ್ಲಿ. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅಣ್ಣನನ್ನು ಅಲ್ಲಿಯ ಅಂಗಡಿಗೆ ಕರೆದೊಯ್ದೆ. ಗೋಡೆಯ ಮೇಲೆ ಮೊಳೆಗೆ ತೂಗುಹಾಕಿದ ಖಾಲಿ ಫ್ರೇಮುಗಳು. ಅಣ್ಣ ಒಂದೊಂದನ್ನೇ ಇಳಿಸಿಕೊಂಡು, ತೊಡೆಯ ಮೇಲಿಟ್ಟುಕೊಂಡು, ಕೊಳವೆಗಳ ಮೇಲೆ ಅಂಗೈ ಆಡಿಸುತ್ತ ಹೋದ. ಒಮ್ಮೆ ಬಾಗಿ ನೆಟ್ಟಗೆ ಮಾಡಿಸಿದ ಕಡೆ ಬಣ್ಣ ಸಣ್ಣಗೆ ಸುಕ್ಕಾಗಿರುತ್ತದಂತೆ.

‘ಎಮ್ಮಿ ನೋಡಾಕ ಬಂದೀರೋ, ಸೈಕಲ್ ನೋಡಾಕೋ ಸಾವಕಾರ್ರ?’ ಅಂಗಡಿಯವನು ನಕ್ಕ.

‘ಎಮ್ಮಿ ಆಗಿದ್ರ ಹಲ್ಲ ನೋಡತಿದ್ನಿ’ ಎಂದ ಅಣ್ಣ.

ಕೊನೆಗೆ ಅವನು ಆರಿಸಿದ್ದು ಇಪ್ಪತ್ತೆರಡು ಇಂಚಿನ ಗಿಡ್ಡ ಫ್ರೇಮು. ಅಂಗಡಿಯವನಿಗೆ ಸಮಾಧಾನವಾಗಲಿಲ್ಲ. ‘ನಿಮ್ಮ ಎತ್ತರಕ್ಕ ಇಪ್ಪತ್ನಾಲ್ಕರದ ಆಗಬೇಕ್ರಿ. ಇದನ್ನ ತುಳದ್ರ ಮೊಣಕಾಲು ಗದ್ದಕ್ಕ ಬಡೀತೈತಿ.’

‘ಬಡೀಲಿ ಬಿಡ್ರಿ. ಗದ್ದ ನಂದ ಐತಲ್ಲ.’

ನನಗೆ ಕಾರಣ ತಟ್ಟನೆ ಹೊಳೆಯಿತು. ಕಣ್ಣು ಸಾಲದವನಿಗೆ ಕಾಲು ನೆಲಕ್ಕೆ ಎಟುಕಬೇಕು, ಅಳುಕಾದಾಗ ಊರಿ ನಿಲ್ಲಬಹುದು. ಇಷ್ಟು ಮುಂದಾಲೋಚನೆ ಮಾಡಿದ್ದಾನಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಅರ್ಥ ಮಾಡಿಕೊಂಡದ್ದಕ್ಕೆ ನನ್ನನ್ನೂ ಸ್ವಲ್ಪ ಮೆಚ್ಚಿಕೊಂಡೆ.

ಅಣ್ಣ ಫ್ರೇಮನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದ. ಹ್ಯಾಂಡಲ್ಲಿನ ದಂಡ ಇಳಿಯುವ ಮುಂದಿನ ಗಿಡ್ಡ ಕೊಳವೆ ಎರಡೂ ಕಡೆ ತೆರೆದಿತ್ತು. ‘ಒಂದ ಕಣ್ಣ ಮುಚ್ಚಿ ಇದರಾಗ ನೋಡು.’

ನೋಡಿದೆ. ಅಂಗಡಿಯವನ ಮೂಗು, ಅರ್ಧ ಮೀಸೆ. ಉಳಿದ ಅಂಗಡಿ, ಬೀದಿ, ಆಕಾಶ ಯಾವುದೂ ಇರಲಿಲ್ಲ.

‘ಈಗ ನನಗ ಇಷ್ಟ ಕಾಣತೈತಿ’ ಎಂದ. ಹತ್ತಿಯ ದರ್ಜೆ ಹೇಳುವ ದನಿಯಲ್ಲೇ ಹೇಳಿದ. ‘ಹೋದ ವರ್ಷ ನೀರಿನ ಗಡಗಿ ಬಾಯಿಯಷ್ಟಿತ್ತು.’

ನಾನು ಕೊಳವೆಯಿಂದ ಕಣ್ಣು ತೆಗೆಯದೆ ಬಹಳ ಹೊತ್ತು ಅಲ್ಲೇ ಇದ್ದೆ. ತೆಗೆದರೆ ಅವನು ನನ್ನ ಮುಖ ನೋಡುತ್ತಾನೆ ಎಂಬ ಹೆದರಿಕೆ.

ಫ್ರೇಮಿಗೆ ಗೋಣಿತಟ್ಟು ಸುತ್ತಿ ಬಸ್ಸಿನ ಮೇಲೆ ಹಾಕಿ ತಂದೆವು. ಹಿಂದಿನ ಖೋಲಿಯ ಹತ್ತಿ ಚೀಲಗಳ ಸಂದಿಯಲ್ಲಿ ಅದು ಸೇರಿತು. ವೈನಿ ಕೇಳಿದರೆ ಶಾಲೆಯ ಕರಿಹಲಗೆಯ ಕಾಲು ಎನ್ನಬೇಕೆಂದು ಉತ್ತರ ತಯಾರಿಟ್ಟುಕೊಂಡಿದ್ದೆ. ಅವಳು ಕೇಳಲೇ ಇಲ್ಲ. ಅದು ನನಗೆ ಇನ್ನಷ್ಟು ಚಿಂತೆಯ ವಿಷಯವಾಯಿತು.

ಗಾಲಿಗಳು ಸವದತ್ತಿಯವು. ಅಲ್ಲಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಅಣ್ಣ ರಿಮ್ಮುಗಳನ್ನು ಬೆರಳ ಗಂಟಿನಿಂದ ಬಡಿದು, ಕಿವಿಗೆ ಹಿಡಿದು, ಬಿರುಕಿದ್ದವನ್ನು ಬದಿಗಿಟ್ಟ. ಬಸ್‌ಸ್ಟ್ಯಾಂಡಿನಿಂದ ಅಲ್ಲಿಯವರೆಗೆ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆದಿದ್ದ, ಎಷ್ಟೋ ದಿನದ ಮೇಲೆ ಕಂಡ ಗೆಳೆಯರ ಹಾಗೆ. ಆ ಕೈಯ ಭಾರ ಮಾತ್ರ ಗೆಳೆಯನದಾಗಿರಲಿಲ್ಲ. ಆದರೂ ಗುಡ್ಡದ ದೇವಿಗೆ ಹೋಗುವ ಹೆಣ್ಣುಮಗಳೊಬ್ಬಳ ಬುಟ್ಟಿಗೆ ಅವನ ಕಾಲು ತಾಗಿ, ಭಂಡಾರ ಚೆಲ್ಲಿತು. ‘ಕಣ್ಣ ಕಾಣಂಗಿಲ್ಲೇನೋ ಅಣ್ಣಾ?’ ಎಂದಳು ಅವಳು, ಎಲ್ಲರೂ ಎಲ್ಲರಿಗೂ ಅನ್ನುವ ಹಾಗೆ. ‘ಸ್ವಲ್ಪ ಕಾಣತೈತ್ರಿ ಅಕ್ಕಾ’ ಎಂದು ಅಣ್ಣ ಕೂತು, ಅರಿಶಿಣವನ್ನು ನೆಲದಿಂದ ಬಳಿಬಳಿದು ಬುಟ್ಟಿಗೆ ತುಂಬಿದ. ಬರುವಾಗ ಬಸ್ಸಿನಲ್ಲಿ ಎರಡು ಗಾಲಿಗಳ ನಡುವೆ ಕೂತ ನನ್ನನ್ನು ನೋಡಿ ಕಂಡಕ್ಟರು, ‘ಮಾಸ್ತರ, ನೀವು ತುಳೀರಿ, ಡೀಸೆಲ್ ಉಳೀತೈತಿ’ ಎಂದ. ವೈನಿ ಸೋಮವಾರ ಗುಡಿಗೆ ಹೋದ ಹೊತ್ತಿನಲ್ಲಿ ಗಾಲಿಗಳು ಒಳಗೆ ಹೋದವು.

ಸೀಟು, ಕ್ಯಾರಿಯರ್, ದೀಪಗಳಿಗೆ ರಾಮದುರ್ಗ. ನಾನು ಮನೆಯಿಂದಲೇ ಯೋಚಿಸಿಕೊಂಡು ಹೋಗಿದ್ದೆ: ದೊಡ್ಡ ಗಂಟೆ, ಹಿಂದೆ ಮುಂದೆ ಹೊಳೆಯುವ ಕೆಂಪು ಬಿಲ್ಲೆ, ಡೈನಮೋ, ದೀಪ. ದೀಪ ಎಂದ ಕೂಡಲೇ ಅಣ್ಣ ನಕ್ಕುಬಿಟ್ಟ.

‘ಕತ್ತಲಾದ ಮ್ಯಾಲ ಸೂರ್ಯನ್ನ ತಂದು ಹ್ಯಾಂಡಲ್ಲಿಗೆ ಕಟ್ಟಿದ್ರೂ ನನಗ ಕಾಣಂಗಿಲ್ಲೋ.’

‘ಎದುರು ಬರಾಂವಗ ನೀ ಕಾಣತಿ.’

‘ಹಾಂ, ನನ್ನ ನೋಡಾಕ ಮಂದಿ ನಿಂತಾರ.’ ಹಾಗೆಂದವನು ದೀಪವನ್ನು ನನ್ನತ್ತ ಸರಿಸಿ, ‘ಇರ್ಲಿ ತಗೋ. ಬೇಕಾಗತೈತಿ’ ಎಂದ.

ಕ್ಯಾರಿಯರನ್ನು ಅವನು ಬಹಳ ಹೊತ್ತು ಆರಿಸಿದ. ಹಾಲಿನ ಕ್ಯಾನು ಹೇರುವವರು ಹಾಕಿಸುತ್ತಾರಲ್ಲ, ಅಂಥ ಅಗಲದ್ದು, ದಪ್ಪ ಸಲಾಕೆಯದು. ಅದರ ಮೇಲೆ ಕೈಯೂರಿ, ಮೈಭಾರ ಬಿಟ್ಟು ನೋಡಿದ. ಹಿಂದಿನ ಗಾಲಿಯ ಅಚ್ಚಿಗೆ ಕಾಲಿಡುವ ಗೂಟಗಳನ್ನೂ ತೆಗೆದುಕೊಂಡ. ‘ಒಂದ ಹಿಡಿ ಬನ್ನಿ ಎಲಿಗೆ ಇಷ್ಟ ದೊಡ್ಡ ಕ್ಯಾರಿಯರ್ ಯಾಕೋ?’ ಎಂದರೆ, ‘ಅಕ್ಕ ಶೇಂಗಾ ಚೀಲ ಕೊಟ್ರ ನೀ ಹೊರತೀಯೇನು?’ ಎಂದ. ಸೀಟಿನ ಸರದಿ ಬಂದಾಗ ನನಗೇ ಕೂತು ನೋಡಲು ಹೇಳಿದ. ನಾನು ಒಂದೊಂದರ ಮೇಲೂ ಕೂತು, ಇದು ಚುಚ್ಚುತ್ತದೆ, ಇದು ಜಾರುತ್ತದೆ ಎಂದು ಕೊರತೆ ತೆಗೆದೆ. ಕೊರತೆ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ಆ ತಾಲೂಕಿನಲ್ಲಿ ಇರಲಿಲ್ಲ. ನಾನು ಸುಮ್ಮನಾದ ಸೀಟನ್ನು ಅಣ್ಣ ಕಟ್ಟಿಸಿಕೊಂಡ.

ಮಳೆ ನಿಂತಿತು. ನನ್ನ ಹರಕೆ ಫಲಿಸಲಿಲ್ಲ. ಎಲ್ಲ ಸಾಮಾನೂ ಸಿಕ್ಕಿತ್ತು.

ದಸರೆಯ ಹಿಂದಿನ ದಿನ ಖಂಡೆಪೂಜೆ. ಮನೆಯ ಆಯುಧಗಳನ್ನೆಲ್ಲ ತೊಳೆದು, ಪೂಜಿಸಿ, ಒಂದು ದಿನ ಕೆಲಸದಿಂದ ಬಿಡುಗಡೆ ಕೊಡುವ ಹಬ್ಬ. ಆ ಬೆಳಿಗ್ಗೆ ಸ್ನಾನ ಮುಗಿಸಿ ಪಡಸಾಲೆಗೆ ಬಂದವನು ನಿಂತಲ್ಲೇ ನಿಂತೆ. ಜಮಖಾನದ ಮೇಲೆ ಕುಡಗೋಲು, ಕೊಡಲಿ, ಈಳಿಗೆ, ಕತ್ತರಿ ಸಾಲಾಗಿದ್ದವು. ಅವುಗಳ ಪಕ್ಕದಲ್ಲಿ ಒರೆಸಿ ಹೊಳೆಯುತ್ತಿದ್ದ ಫ್ರೇಮು. ಅದರ ಮುಂದೆ ಎರಡು ಗಾಲಿ, ಚೈನು, ಪೆಡಲು, ಸೀಟು, ಗಂಟೆ, ನಾನು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿನಲ್ಲಿ ಅಡಗಿಸಿದ್ದ ಡೈನಮೋ ಕೂಡ. ಒಂದೊಂದಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ವೈನಿ ನೈವೇದ್ಯಕ್ಕೆ ಹೋಳಿಗೆ ಇಡುತ್ತಿದ್ದಳು.

‘ವೈನಿ, ಇವು ಸಾಲಿ ಸಾಮಾನ…’ ಎಂದು ಶುರುಮಾಡಿದೆ.

‘ಸಾಲಿಗೆ ಪೆಡಲ ಹಚ್ಚಿ ಎಲ್ಲಿಗೆ ಒಯ್ಯಾವ್ರು ಮಾಸ್ತರ?’ ವೈನಿ ತಲೆ ಎತ್ತದೆ ಕೇಳಿದಳು. ‘ಆಯುಧ ಅಂದಮ್ಯಾಲ ಎಲ್ಲಾ ಆಯುಧನ. ಚೀಲದ ಸಂದ್ಯಾಗ ಇಟ್ಟು ಪೂಜಿ ತಪ್ಪಿಸಿದ್ರ ದೋಷ ಯಾರಿಗೆ? ಈ ಮನಿಗೆ ಮತ್ತ ದೋಷ ಬ್ಯಾಡ್ರಿ.’

ಗೋಡೆಗೆ ಒರಗಿ ಕೂತಿದ್ದ ಅಣ್ಣ ಮುಖ ಅತ್ತ ತಿರುಗಿಸಿದ. ನಾನು ಧೈರ್ಯ ಮಾಡಿ, ‘ಹಂಗಾದ್ರ ಸೈಕಲ್ ಬ್ಯಾಡ ಅನ್ನಂಗಿಲ್ಲೇನ್ರಿ?’ ಎಂದೆ.

ವೈನಿ ಫ್ರೇಮಿನ ಮೇಲಿನ ಕುಂಕುಮ ಸರಿಮಾಡುತ್ತ, ‘ಬ್ಯಾಡ ಅಂತಿದ್ನಿ, ಇಪ್ಪತ್ನಾಲ್ಕರದು ಆಗಿದ್ರ’ ಎಂದಳು. ‘ಎಷ್ಟ ಶಾಣ್ಯಾ ಅದೀರಿ ಮಾಸ್ತರ ನೀವು.’

ಅದು ಹೊಗಳಿಕೆಯಲ್ಲವೆಂದು ತಿಳಿಯಿತು. ಏನೆಂದು ತಿಳಿಯಲಿಲ್ಲ.

ಅಂದು ನಟ್ಟು ಬಿಗಿಯುವ ಪಾನಾ ಮುಟ್ಟುವಂತಿಲ್ಲ. ಮರುದಿನ ಬೆಳಿಗ್ಗೆ, ಬನ್ನಿಯ ದಿನವೇ, ಅಂಗಳದ ಬಿಸಿಲಲ್ಲಿ ಅಣ್ಣ ಜೋಡಿಸಲು ಕೂತ. ಬಹುತೇಕ ಕಣ್ಣು ಮುಚ್ಚಿಕೊಂಡೇ ಮಾಡಿದ. ಬೀಳುವ ಉಕ್ಕಿನ ಗುಂಡುಗಳನ್ನು ಹುಡುಕುವುದಷ್ಟೇ ನನ್ನ ಕೆಲಸ. ಹ್ಯಾಂಡಲ್ಲನ್ನು ಎಲ್ಲಕ್ಕಿಂತ ಕೊನೆಗೆ ಉಳಿಸಿಕೊಂಡಿದ್ದ. ಅದರ ದಂಡ ಮುಂದಿನ ಕೊಳವೆಯೊಳಗೆ ಇಳಿಯುವ ಮುಂಚೆ ಅಣ್ಣ ಒಮ್ಮೆ ಬಗ್ಗಿ ಅದರಲ್ಲಿ ಕಣ್ಣಿಟ್ಟು, ಒಲೆಯ ಮುಂದಿದ್ದ ವೈನಿಯ ಕಡೆ ನೋಡಿದ. ಆಮೇಲೆ ಹ್ಯಾಂಡಲ್ಲು ಇಳಿಸಿ ಬಿಗಿ ಮಾಡಿದ. ತೂತು ಮುಚ್ಚಿತು.

ಊರಾಚೆಯ ಬಯಲಿಗೆ ತಳ್ಳಿಕೊಂಡು ಹೋದೆವು. ಅಣ್ಣ ಹತ್ತಿದ. ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ಮೊಣಕಾಲು ಗದ್ದಕ್ಕೆ ಬರುತ್ತಿದ್ದವು. ದೊಡ್ಡ ಮಿಡತೆಯೊಂದು ಸೈಕಲ್ಲಿನ ಮೇಲೆ ಕೂತ ಹಾಗೆ ಕಾಣುತ್ತಿದ್ದ. ನಾನು ಹಿಂದೆ ಓಡುತ್ತ, ಎಡಕ್ಕೆ, ಬಲಕ್ಕೆ, ಕಲ್ಲು, ಕರು ಎಂದು ಒದರುತ್ತಿದ್ದೆ. ಬಯಲನ್ನು ಒಮ್ಮೆ ಸುತ್ತಿ ಬಂದ ಅಣ್ಣ ಕಾಲೂರಿ ನಿಂತ. ಗಂಟೆಯನ್ನು ಒಮ್ಮೆ ಬಾರಿಸಿ, ಇಳಿದು, ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟ.

‘ಹತ್ತು.’

‘ನಾನು?’

‘ಮತ್ಯಾರು? ಸೀಟ ನಿನ್ನ ಕುಂಡಿಗೆ ತಕ್ಕಂಗ ಆರಿಸೇನಿ.’

ಹತ್ತಿ ಕೂತೆ. ಎರಡೂ ಪಾದಗಳು ನೆಲಕ್ಕೆ ಸರಿಯಾಗಿ ಎಟುಕಿದವು. ನನ್ನ ತೋಳಿಗೆ ಹ್ಯಾಂಡಲ್ಲು ಅಳತೆ ತೆಗೆದು ಮಾಡಿದಂತಿತ್ತು. ಮನೆಯಲ್ಲಿ ಗಿಡ್ಡವನು ನಾನು. ಇಪ್ಪತ್ನಾಲ್ಕರ ಎತ್ತರಕ್ಕೆ ಹೆದರಿ, ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುವುದನ್ನಷ್ಟೇ ಕಲಿತು, ಮೀಸೆ ಬಂದ ಮೇಲೆ ನಾಚಿಕೆಯಿಂದ ಅದನ್ನೂ ಬಿಟ್ಟವನು. ಕಿತ್ತೂರಿನ ಅಂಗಡಿಯಲ್ಲಿ ಅಣ್ಣ ಗಿಡ್ಡ ಫ್ರೇಮು ಎತ್ತಿಕೊಂಡಾಗಲೇ ಇದು ನಿರ್ಧಾರವಾಗಿತ್ತು. ವೈನಿಗೆ ಚೀಲದ ಸಂದಿಯಲ್ಲಿ ಕಂಡ ಕೂಡಲೇ ತಿಳಿದಿತ್ತು. ತಿಳಿಯದವನು ನಾನೊಬ್ಬನೇ.

‘ಮೊದಲ ಹೇಳಿದ್ರ ನೀ ಬರ್ತಿದ್ದಿಲ್ಲ’ ಎಂದ ಅಣ್ಣ. ಕ್ಯಾರಿಯರಿನ ಮೇಲೆ ಕೂತು, ಗೂಟದ ಮೇಲೆ ಕಾಲಿಟ್ಟು, ನನ್ನ ಹೆಗಲಿಗೆ ಕೈ ಹಾಕಿದ. ‘ಬಸ್ಸಿನ್ಯಾಗ ನೀ ನನ್ನ ಹಿಡಕೊಂತಿದ್ದಿ. ಇಲ್ಲಿ ನಾ ನಿನ್ನ ಹಿಡಕೊಂಡೇನಿ. ನಡಿ, ಹೊತ್ತ ಮುಳಗೂದ್ರೊಳಗ ಮುಟ್ಟಬೇಕು.’

ಸಂಗೊಳ್ಳಿಯ ದಾರಿಯುದ್ದಕ್ಕೂ ನಾನು ‘ತಗ್ಗು ಬಂತು, ತಗ್ಗು ಬಂತು’ ಎನ್ನುತ್ತಲೇ ಇದ್ದೆ. ಅಣ್ಣ ಬೇರೆ ಹೇಳುತ್ತಿದ್ದ. ಶೇಂಗಾ ಕೀಳಾಕ ಹತ್ಯಾರ, ಮಣ್ಣಿನ ವಾಸನಿ ನೋಡು. ಇಲ್ಲಿ ಜ್ವಾಳ ಎತ್ತರ ಬಂದೈತಿ, ಗಾಳಿ ಸಪ್ಪಳ ಬ್ಯಾರೆ ಐತಿ. ಹೊಳಿ ತಂಪ ಹತ್ತಿತು, ಊರು ಬಂತು.

ಅಕ್ಕನ ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಬನ್ನಿ ಕೊಟ್ಟು ಕಾಲು ಮುಟ್ಟಿದ ಅಣ್ಣ ಅವಳನ್ನು ಬಾಗಿಲಲ್ಲೇ, ಪಡುವಣದ ಬಿಸಿಲಿಗೆ ಮುಖ ಮಾಡಿ ಕೂರಿಸಿದ. ಎದುರಿಗೆ ಕೂತು ಮೆಲ್ಲಗೆ ತಲೆ ಆಡಿಸುತ್ತ ನೋಡತೊಡಗಿದ.

‘ಯಾಕೋ ಹಂಗ ನೋಡತಿ, ಎಂದೂ ನೋಡ್ಲಾರದಂಗ?’ ಎಂದಳು ಅಕ್ಕ.

‘ತಡಿಯಬೇ. ಹಣಿ ಆತು, ಮೂಗ ಆತು. ಇನ್ನ ಗದ್ದ ಉಳದೈತಿ.’

ಅಕ್ಕನಿಗೆ ಆಗ ತಿಳಿಯಿತು. ಅವಳು ಅಲುಗಾಡದೆ ಕೂತಳು. ಕಣ್ಣೀರು ಬಂದರೂ ಒರೆಸಿಕೊಳ್ಳಲಿಲ್ಲ, ಅವನು ನೋಡಿ ಮುಗಿಸುವ ಮುಂಚೆ ಕೈ ಅಡ್ಡ ಬಂದೀತೆಂದು. ನಾನು ಹೊರಗೆ ಹೋಗಿ, ಗಾಳಿ ತುಂಬಿಯೇ ಇದ್ದ ಗಾಲಿಯನ್ನು ಒತ್ತಿ ಒತ್ತಿ ನೋಡುತ್ತ ನಿಂತೆ.

ಅದರ ಮುಂದಿನ ದಸರೆಗೆ ಅಕ್ಕನ ಹಣೆಯೂ ಅವನಿಗೆ ಕಾಣಲಿಲ್ಲ. ಆದರೂ ಪ್ರತಿ ವರ್ಷ ಹೋದೆವು. ಎರಡು ಸಾವಿರದ ನಂತರ ಓಣಿಯಲ್ಲೆಲ್ಲ ಮೋಟರ್‌ಸೈಕಲ್ಲು ಬಂದವು. ಅಣ್ಣ ಅವನ್ನು ಹತ್ತಲೊಲ್ಲ. ಅವುಗಳ ಮೇಲೆ ಕೂತರೆ ದಾರಿ ತಿಳಿಯುವುದಿಲ್ಲ ಎನ್ನುತ್ತಿದ್ದ. ಸಂಗೊಳ್ಳಿಯಲ್ಲಿ ಅಕ್ಕ ನೀರಿನ ಚರಿಗೆ ಕೊಡುತ್ತ ಕೇಳುವ ಮೊದಲ ಮಾತು, ‘ದಾರಿ ಹೆಂಗಿತ್ತೋ?’ ಆಗ ಅಣ್ಣ ಕಟ್ಟೆಯ ಮೇಲೆ ಕೂತು, ಯಾರ ಹೊಲದ ಬೆಳೆ ಹೇಗಿದೆ, ಯಾವ ತಿರುವಿನ ಬೇವಿನಮರ ಕಡಿದಿದ್ದಾರೆ ಎಂದು ಎಲ್ಲ ಹೇಳುತ್ತಿದ್ದ. ಕಣ್ಣಿದ್ದ ನಾನು ಪಕ್ಕದಲ್ಲಿ ಕೂತು, ಹೌದೇ ಎಂದುಕೊಂಡು ಕೇಳುತ್ತಿದ್ದೆ.

ಒಂದು ಚಳಿಗಾಲದ ಬೆಳಿಗ್ಗೆ ಎದೆನೋವೆಂದು ಕೂತ ಅಣ್ಣ ಏಳಲಿಲ್ಲ. ನನ್ನ ಕಣ್ಣುಗಳಿಗೆ ಏನೂ ಆಗಲಿಲ್ಲ. ಈಗಲೂ ಒಮ್ಮೊಮ್ಮೆ ಸಂಜೆ ಕೈ ಚಾಚಿ ನೋಡಿಕೊಳ್ಳುತ್ತೇನೆ. ಎಲ್ಲ ಬೆರಳೂ ಕಾಣುತ್ತವೆ, ಅದಕ್ಕೂ ಒಂದು ಸಂಕಟವಾಗುತ್ತದೆ.

ಅವನು ಹೋದ ಮೇಲಿನ ಮೊದಲ ದಸರೆಗೆ ವೈನಿ ಎಂದಿನಂತೆ ಸೈಕಲ್ಲಿಗೆ ಪೂಜೆ ಮಾಡಿದಳು. ಮರುದಿನ ಬನ್ನಿ ಎಲೆಯನ್ನು ವಸ್ತ್ರದಲ್ಲಿ ಕಟ್ಟಿಕೊಟ್ಟು, ‘ಕ್ಯಾರಿಯರಿಗೆ ಕಟ್ಟಬ್ಯಾಡ್ರಿ, ಕಿಸೆದಾಗ ಇಟಗೋರಿ’ ಎಂದಳು. ಹಿಂದೆ ಭಾರವಿಲ್ಲದ ಸೈಕಲ್ಲು ಗಾಳಿಗೆ ಅತ್ತಿತ್ತ ಎಳೆಯುತ್ತಿತ್ತು. ಒಂದೆರಡು ಕಡೆ ಬಾಯಿ ತಪ್ಪಿ, ‘ತಗ್ಗು ಬಂತು’ ಎಂದೂ ಅಂದೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಮೊದಲು ಕ್ಯಾರಿಯರನ್ನು ನೋಡಿದಳು, ಆಮೇಲೆ ನನ್ನನ್ನು. ಬನ್ನಿ ಕೊಟ್ಟೆ, ಕಾಲು ಮುಟ್ಟಿದೆ. ನೀರಿನ ಚರಿಗೆ ಮುಂದೆ ಹಿಡಿದು, ರೂಢಿಯ ಮಾತನ್ನೇ ಕೇಳಿದಳು.

‘ದಾರಿ ಹೆಂಗಿತ್ತೋ?’

ಶೇಂಗಾ ಕೀಳುತ್ತಿದ್ದರೋ ಇಲ್ಲವೋ, ಜೋಳ ಎಷ್ಟೆತ್ತರ ಬಂದಿತ್ತೋ, ಏನೂ ನೆನಪಾಗಲಿಲ್ಲ.

‘ತಗ್ಗು ಭಾಳ ಅದಾವಬೇ’ ಎಂದೆ.